ಓಡಿ, ಬಿಡಿ, ಟಿಡಿಎಸ್: ಔಷಧಿ ಚೀಟಿಯ ಭಾಷೆ

ಫಾರ್ಮಸಿ ಓದುತ್ತಿರುವ ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಕಣ್ಣು ಎಳೆಯುತ್ತದೆ ಅಂತ ಗೊತ್ತು. ಅದಕ್ಕೇ ಪಿಪಿಟಿ ತಂದಿಲ್ಲ, ಲೈಟ್ ಆರಿಸುವುದೂ ಇಲ್ಲ.

ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ಕೌಂಟರಿನ ಹಿಂದೆ ನಿಂತು ನನಗೆ ಇಪ್ಪತ್ತೆರಡು ವರ್ಷ ಆಯಿತು. ಮೊದಲ ವಾರ ಚೀಟಿ ನೋಡಿ ನಗು ಬಂದಿತ್ತು. ಒಂದು ಮಾತ್ರೆಯ ಮುಂದೆ 'ಓಡಿ', ಇನ್ನೊಂದರ ಮುಂದೆ 'ಬಿಡಿ'. ಡಾಕ್ಟರು ಓಡು ಅಂತಾರೋ, ಬಿಡು ಅಂತಾರೋ! ಟಿಡಿಎಸ್ ಅಂದರೆ ಟ್ಯಾಕ್ಸು, ಎಸಿ ಅಂದರೆ ತಣ್ಣನೆ ಗಾಳಿ. ನಿಮಗೂ ಹಾಗೇ ಅನ್ನಿಸಿರುತ್ತದೆ ಅಲ್ವಾ?

ಇವೆಲ್ಲ ಲ್ಯಾಟಿನ್ ಪದಗಳ ತುಂಡುಗಳು. ಚೀಟಿಯ ತಲೆಯ ಮೇಲಿರುವ ಆರ್‌ಎಕ್ಸ್ ಕೂಡ 'ರೆಸಿಪೆ' ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು, 'ತೆಗೆದುಕೋ' ಅಂತ ಅರ್ಥ. ಓಡಿ ಅಂದರೆ ದಿನಕ್ಕೆ ಒಂದು ಸಲ. 'ಬಿಸ್' ಅಂದರೆ ಎರಡು ಸಲ, ಅದು ಬಿಡಿ. 'ಟೆರ್' ಅಂದರೆ ಮೂರು ಸಲ, ಅದು ಟಿಡಿಎಸ್. ಎಚ್‌ಎಸ್ ಅಂದರೆ 'ಹೋರಾ ಸೊಮ್ನಿ', ಮಲಗುವ ಹೊತ್ತು. ಆ ಹೋರಾ ಮತ್ತು ನಮ್ಮ ಪಂಚಾಂಗದ ಹೋರೆ ಎರಡಕ್ಕೂ ಮೂಲ ಒಂದೇ, ಗ್ರೀಕ್ ಪದ. ಎಸ್‌ಒಎಸ್ ಅಂದರೆ ಬೇಕಾದರೆ ಮಾತ್ರ. ಸ್ಟ್ಯಾಟ್ ಅಂದರೆ ಈಗಿಂದೀಗಲೇ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಮಾತ್ರ ಹುಷಾರು: ಅಲ್ಲಿ ಓಡಿ ಅಂದರೆ ಬಲಗಣ್ಣು ಅಂತಲೂ ಆಗಬಹುದು. ಅನುಮಾನ ಬಂದರೆ ಫೋನ್ ಎತ್ತಿ, ಊಹೆ ಮಾಡಬೇಡಿ.

ಇದನ್ನೆಲ್ಲ ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಕಷ್ಟ ಇರುವುದು ಆಮೇಲೆ. ಚೀಟಿಯಲ್ಲಿ ಲ್ಯಾಟಿನ್, ಡಬ್ಬದ ಮೇಲೆ ಇಂಗ್ಲಿಷ್, ಎದುರಿಗೆ ನಿಂತವರ ಬಾಯಲ್ಲಿ ಮಂಡ್ಯ ಕನ್ನಡ. ಚೀಟಿಯ ಪದ ಅವರ ಮನೆಯ ಒಂದು ಹೊತ್ತಾಗಿ ಬದಲಾಗಬೇಕು. ಅಲ್ಲಿಯವರೆಗೂ ನಮ್ಮ ಕೆಲಸ ಮುಗಿದಿಲ್ಲ.

ನಾನು ಎಡವಿದ್ದು ಅಲ್ಲೇ. ಮದ್ದೂರು ಕಡೆಯಿಂದ ಒಬ್ಬರು ಅಜ್ಜಿ ಬಂದಿದ್ದರು. ನೋವಿನ ಮಾತ್ರೆ, ಟಿಡಿಎಸ್. ಅಂಗಡಿಯಲ್ಲಿ ರಶ್ಶು. "ದಿನಕ್ಕೆ ಮೂರು ಅಜ್ಜಿ" ಅಂತ ಹೇಳಿ ಕವರ್ ಕೈಗಿಟ್ಟೆ. ಮೂರನೇ ದಿನ ಮೊಮ್ಮಗನ ಜೊತೆ ಹೊಟ್ಟೆ ಹಿಡಿದುಕೊಂಡು ಬಂದರು. ಉರಿ ಅಂದರೆ ಉರಿ. ಕೇಳಿದರೆ, "ನೀನೇ ತಾನೆ ಕಣಪ್ಪ ದಿನಕ್ಕೆ ಮೂರು ಅಂದಿದ್ದು? ಬೆಳಿಗ್ಗೆ ಎದ್ದು ಮೂರೂ ಒಟ್ಗೆ ನುಂಗ್ಬುಟ್ಟು ಹೊಲಕ್ಕೆ ಹೋಗ್ತಿದ್ದೆ" ಅಂದರು. ಅಜ್ಜಿಯದು ಏನೂ ತಪ್ಪಿಲ್ಲ. ಚೀಟಿ ಹೇಳಿದ್ದು ಮೂರು ಹೊತ್ತು, ನಾನು ಹೇಳಿದ್ದು ಮೂರು ಮಾತ್ರೆ. ಒಂದು ಸಲಕ್ಕೆ ಎಷ್ಟು ಅನ್ನುವುದು ಡೋಸ್, ದಿನಕ್ಕೆ ಎಷ್ಟು ಸಲ ಅನ್ನುವುದು ಫ್ರೀಕ್ವೆನ್ಸಿ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಅದು. ನನಗೆ ಅರ್ಥವಾಗಿದ್ದು ಅವತ್ತು.

ಎಸಿ ಅಂದರೆ ಊಟಕ್ಕೆ ಮುಂಚೆ, ಪಿಸಿ ಅಂದರೆ ಊಟದ ನಂತರ. ಆದರೆ ಯಾವ ಊಟ? ನಮ್ಮ ರೈತರು ಬೆಳಿಗ್ಗೆ ಕಾಫಿ ಕುಡಿದು ಗದ್ದೆಗೆ ಹೋಗಿ, ಮುದ್ದೆ ಉಣ್ಣುವುದು ಹತ್ತು ಗಂಟೆಗೆ. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹತ್ತಿರ ಇರುತ್ತಾರೆ. ಅವರಿಗೆ ಎಚ್‌ಎಸ್ ಅಂತ ನಿದ್ದೆ ಬರುವ ಮಾತ್ರೆ ಕೊಟ್ಟು ಕಳಿಸಿದರೆ? "ಎಷ್ಟು ಗಂಟೆಗೆ ಉಣ್ತೀರಿ, ಎಷ್ಟು ಗಂಟೆಗೆ ಮಲಗ್ತೀರಿ" ಅಂತ ಕೇಳಿ. ಓದು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ.

ಮೆಥೋಟ್ರೆಕ್ಸೇಟ್ ಅನ್ನುವ ಹೆಸರು ಮಾತ್ರ ಮರೆಯಬೇಡಿ. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ದಿನಾ ನುಂಗಿದರೆ ಮೂಳೆಯ ಮಜ್ಜೆ ಕೆಟ್ಟು ಜೀವಕ್ಕೇ ಕುತ್ತು. 'ವಾರಕ್ಕೊಂದು' ಅಂತ ಹೇಳಿ ಸುಮ್ನೆ ಬಿಡಬೇಡಿ, 'ಸೋಮವಾರ' ಅಂತ ದಿನದ ಹೆಸರನ್ನೇ ಬರೆಯಿರಿ.

ಜನ "ಪವರ್ ಜಾಸ್ತಿ ಇರೋದು ಕೊಡಿ" ಅನ್ನುತ್ತಾರೆ. ಆ ಪವರ್ರನ್ನೇ ನಾವು ಸ್ಟ್ರೆಂತ್ ಅನ್ನುವುದು, ಒಂದು ಮಾತ್ರೆಯಲ್ಲಿ ಎಷ್ಟು ಔಷಧಿ ಇದೆ ಅನ್ನುವ ಲೆಕ್ಕ. ಪ್ಯಾರಾಸಿಟಮಾಲ್ 500, 650 ಅಂದರೆ ಮಿಲಿಗ್ರಾಂ. ಥೈರಾಯ್ಡ್ ಮಾತ್ರೆಯ ಮೇಲಿನ 50 ಅಂದರೆ ಮೈಕ್ರೋಗ್ರಾಂ, ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕ. ಇನ್ನು ಎಸ್‌ಆರ್ ಅಂತ ಇದ್ದರೆ ಔಷಧಿ ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ. "ದಪ್ಪ ಇದೆ, ಕುಟ್ಟಿ ಪುಡಿ ಮಾಡ್ಕೊಳ್ಲಾ" ಅಂತ ಕೇಳುತ್ತಾರೆ. ಬೇಡ ಅನ್ನಿ. ಇಡೀ ದಿನಕ್ಕೆ ಹಂಚಿಹೋಗಬೇಕಾದ್ದು ಒಂದೇ ಏಟಿಗೆ ಹೊಟ್ಟೆಗೆ ಬೀಳುತ್ತದೆ.

ಸಕ್ಕರೆ ನಾಡಿನಲ್ಲಿ ಶುಗರ್ ಚೀಟಿ ಬರದ ದಿನ ಇಲ್ಲ, ಆದ್ದರಿಂದ ಇನ್ಸುಲಿನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನಿನದು 100. ಸಿರಿಂಜೂ ಎರಡು ಥರ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ್ದು. ಈಗ 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರು ಅಂದುಕೊಳ್ಳಿ. 20ರ ಗೆರೆ ಅಂದರೆ ಅರ್ಧ ಎಂಎಲ್. ಒಳಗೆ ಹೋಗುವುದು 50 ಯೂನಿಟ್. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು! ಶುಗರ್ ಇಳಿದು ಬೆವರಿ ಬಿದ್ದುಬಿಡುತ್ತಾರೆ. "ಯಾವುದಾದ್ರೂ ಒಂದು ಸಿರಿಂಜ್ ಕೊಡಿ" ಅಂದರೆ ಕೊಡಬೇಡಿ. ಸೀಸೆ ತೋರಿಸಿ ಅನ್ನಿ.

ಕಾನೂನಿನ ಪದಗಳು ನಿಮ್ಮ ಪುಸ್ತಕದಲ್ಲೇ ಇವೆ, ಬೇಗ ಮುಗಿಸುತ್ತೇನೆ. ಶೆಡ್ಯೂಲ್ ಎಚ್ ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಬಂತು, ಕೆಲವು ಆಂಟಿಬಯೋಟಿಕ್, ಟಿಬಿ ಔಷಧಿ, ನಿದ್ದೆ ಮಾತ್ರೆಗಳೆಲ್ಲ ಅದರಲ್ಲಿವೆ. ಇವನ್ನು ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ, ಎಲ್ಲ ಬೇರೆ ರಿಜಿಸ್ಟರಿಗೆ ಬರೆದು ಮೂರು ವರ್ಷ ಇಡಬೇಕು. "ನಮ್ಮೂರೋನೇ ಅಲ್ವಾ, ಕೊಡಣ್ಣ" ಅನ್ನುವವರು ದಿನಾ ಬರುತ್ತಾರೆ. ಇಲ್ಲ ಅನ್ನುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು.

ಕೊನೆಗೆ, ಬಿಡಿ ಅನ್ನುವ ಪದದ ಇನ್ನೊಂದು ಅರ್ಥ. ಇಡೀ ಶೀಟು ಕೊಳ್ಳಲು ದುಡ್ಡಿಲ್ಲದವರು ಬಿಡಿ ಮಾತ್ರೆ ಕೇಳುತ್ತಾರೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಎಷ್ಟೋ ಶೀಟುಗಳಲ್ಲಿ ಒಂದೇ ಕಡೆ ಒತ್ತಿರುತ್ತದೆ. ಆ ತುದಿಯನ್ನೇ ಕತ್ತರಿಸಿ ಕೊಟ್ಟರೆ ಉಳಿದದ್ದರ ದಿನಾಂಕ ನಮಗೇ ಗೊತ್ತಾಗುವುದಿಲ್ಲ. ಇನ್ನೊಂದು ತುದಿಯಿಂದ ಕತ್ತರಿಸಬೇಕು, ಕೊಟ್ಟ ತುಂಡಿನ ಜೊತೆ ಕವರಿನ ಮೇಲೆ ಹೆಸರು, ಎಕ್ಸ್‌ಪೈರಿ ಎರಡನ್ನೂ ಬರೆಯಬೇಕು. ಎಕ್ಸ್‌ಪೈರಿ ಜೂನ್ ಅಂತ ಬರೀ ತಿಂಗಳಿದ್ದರೆ ಜೂನ್ 30ರವರೆಗೂ ನಡೆಯುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಆಗಲ್ಲ. ಹತ್ತು ಖಾಲಿ ಶೀಟು ತಂದಿದ್ದೇನೆ, ಕತ್ತರಿ ಮರೆತು ಬಂದೆ. ಹಿಂದಿನ ಬೆಂಚಿನವರು ಯಾರಾದರೂ ಆಫೀಸಿಂದ ಒಂದು ತನ್ನಿ.