ಹುಣಸೆ ಯಾವಾಗ ಹಾಕಬೇಕು?

ಸಹೃದಯರೇ,

ಅಡುಗೆಮನೆಯ ಸುಲಭೋಪಾಯಗಳ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಹತ್ತಾರು ಉಪಾಯಗಳನ್ನು ಎಣಿಸುತ್ತ ಹೋಗುವ ಬದಲು, ನಮ್ಮ ಮನೆಗಳಲ್ಲಿ ಹೆಚ್ಚುಕಡಿಮೆ ದಿನವೂ ನಡೆಯುವ ಒಂದೇ ಕೆಲಸವನ್ನು, ಅಂದರೆ ತೊಗರಿಬೇಳೆ ಬೇಯಿಸಿ ಸಾರು ಮಾಡುವುದನ್ನು, ಎತ್ತಿಕೊಳ್ಳುತ್ತೇನೆ. ಬೆಳಗಿನ ಹೊತ್ತು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದು ಆ ಒಂದು ಪಾತ್ರೆಯಲ್ಲೇ ಕಾಣಸಿಗುತ್ತದೆ.

ಬೇಳೆ ಬೇಯುವಾಗ ಎರಡು ಸಂಗತಿಗಳು ನಡೆಯುತ್ತವೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಸಿನೀರಿನಲ್ಲಿ ಕರಗುತ್ತದೆ; ಒಳಗಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಹುಳಿಯ ಅಂಶವಿದ್ದಲ್ಲಿ ಈ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ಎಲ್ಲವೂ ಒಂದೇ ಸಲ ಮುಗಿಯಲೆಂದು ಬೇಳೆಯ ಜೊತೆಯಲ್ಲೇ ಹುಣಸೆರಸವನ್ನೂ ಹೆಚ್ಚು ಟೊಮೆಟೊವನ್ನೂ ಹಾಕಿ ಕುಕ್ಕರ್ ಮುಚ್ಚುವುದು ನೋಡಲು ಸುಲಭವೆನಿಸಿದರೂ ನಿಜದಲ್ಲಿ ತಡಮಾಡುವ ದಾರಿ. ಮೊದಲು ಬೇಳೆ ಬೆಂದು ಮಸೆಯಬೇಕು, ಆಮೇಲೆ ಹುಳಿ ಬೀಳಬೇಕು. ನಮ್ಮ ಅಜ್ಜಿಯರು ಕಾರಣ ಹೇಳದೆಯೇ ಪಾಲಿಸಿಕೊಂಡು ಬಂದ ಈ ಕ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ.

ನೀರಿನ ಗುಣವೂ ಇಲ್ಲಿ ಕೆಲಸ ಮಾಡುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅದೇ ಪೆಕ್ಟಿನ್ನನ್ನು ಬಿಗಿಗೊಳಿಸುವುದರಿಂದ, ಬೋರ್‌ವೆಲ್ ನೀರನ್ನೇ ನಂಬಿರುವ ಮನೆಗಳಲ್ಲಿ ಎಷ್ಟು ವಿಷಲ್ ಕೂಗಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುವುದುಂಟು, ಮತ್ತು ನಾವು ಅಂಗಡಿಯವನನ್ನು ದೂರುತ್ತೇವೆ. ಬೇಳೆಗೆ ಮಾತ್ರ ಮೆದುನೀರು ಬಳಸಿ ನೋಡಿ. ಚಿಟಿಕೆ ಸೋಡಾ ಹಾಕಿದರೂ ಬೇಗ ಬೇಯುತ್ತದೆ, ಆದರೆ ಅದು ಬಿ1 ಜೀವಸತ್ವವನ್ನು ಹಾಳುಮಾಡುವುದರಿಂದ ನಾನು ಆ ಉಪಾಯವನ್ನು ಒಪ್ಪುವುದಿಲ್ಲ.

ಅದಕ್ಕಿಂತ ನೆನೆಸುವುದು ಎಷ್ಟೋ ಮೇಲು. ಎದ್ದೊಡನೆ ಬೇಳೆ ತೊಳೆದು ನೆನೆಯಲಿಟ್ಟು ಸ್ನಾನ ಮುಗಿಸಿ ಬಂದರೆ, ಆ ಅರ್ಧ ಗಂಟೆ ನೀರು ನಮ್ಮ ಪರವಾಗಿ ದುಡಿದಿರುತ್ತದೆ.

ಇನ್ನು ಕುಕ್ಕರ್. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದಾಗಿ ಅದು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಒಮ್ಮೆ ವಿಷಲ್ ಬಂದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ಒಳಗಿನ ಕಾವು ಏರುವುದಿಲ್ಲ, ಹೆಚ್ಚಿನ ಆವಿ ಹೊರಗೆ ಹೋಗುತ್ತದೆ ಅಷ್ಟೆ. ಆದುದರಿಂದ ಮೊದಲ ವಿಷಲ್ ಆದೊಡನೆ ಉರಿ ಸಣ್ಣದು ಮಾಡಿ. ಆರಿಸಿದ ಮೇಲೂ ತಣ್ಣೀರು ಸುರಿದು ಅವಸರದಿಂದ ಮುಚ್ಚಳ ತೆಗೆಯದೆ, ಒತ್ತಡ ತಾನಾಗಿ ಇಳಿಯಲು ಬಿಡಿ. ಆ ಹತ್ತು ನಿಮಿಷಗಳಲ್ಲಿ ಖರ್ಚಿಲ್ಲದೆ ಬೇಳೆ ಬೇಯುತ್ತಿರುತ್ತದೆ, ತೆಂಗಿನಕಾಯಿ ತುರಿಯಲು ಕೈಯೂ ಬಿಡುವಾಗಿರುತ್ತದೆ.

ಹುಣಸೆ ಕಿವುಚುವ ಕೆಲಸವನ್ನು ಭಾನುವಾರಕ್ಕೆ ಸರಿಸಬಹುದು. ವಾರಕ್ಕೆ ಬೇಕಾದಷ್ಟು ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಉಪ್ಪು ಹಾಕಿ ಗೊಜ್ಜಿನ ಹದಕ್ಕೆ ಕುದಿಸಿ, ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಒದ್ದೆ ಚಮಚ ಮಾತ್ರ ತಾಗಿಸಬೇಡಿ. ಸೋಮವಾರ ಬೆಳಗ್ಗೆ ಮಸೆದ ಬೇಳೆಗೆ ಅದರಲ್ಲಿ ಒಂದು ಚಮಚ, ಸಾರಿನ ಪುಡಿ ಒಂದು ಚಮಚ ಹಾಕಿ ಒಂದು ಕುದಿ ಬರಿಸಿದರೆ, ಒಗ್ಗರಣೆಯೊಂದೇ ಬಾಕಿ.