ಕಾವಲಿಗೂ ಒಂದು ಹದ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿದಿರಾ? ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ, ತಾಯ್ತನದ ಕನಸು ನನಸಾಗಿಸಿ’ ಅಂತ ಬರೆಸಿದ್ದಾರೆ. ಬರೆಸಿದವರು ನನ್ನ ಗೆಳೆಯರೇ, ಬೈಯುವ ಹಾಗಿಲ್ಲ. ಆದರೆ ನಾನು ಹೇಳಲು ಬಂದಿರುವುದು ಇದಕ್ಕೆ ಸರಿಯಾಗಿ ಉಲ್ಟಾ. ಇನ್ನು 40 ನಿಮಿಷ ನಾನೂ ಬ್ಯಾನರೂ ಜಗಳ ಆಡುತ್ತೇವೆ, ನೀವು ಸುಮ್ನೆ ಕೂತು ನೋಡಿ.

ನಮಗೆ ‘ಜಾಸ್ತಿ’ ಎಂಬ ಮಾತಿನ ಮೇಲೆ ಬಹಳ ಪ್ರೀತಿ. ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ನಂಬಿಬಿಟ್ಟಿದ್ದೇವೆ. ಸೋಂಕು ಬಂದರೆ ದೇಹ ಹೊಡೆದಾಡುತ್ತದೆ, ಸರಿ. ಅದು ನಿಮಗೆ ಗೊತ್ತಿರುವುದೇ. ಆ ಹೊಡೆದಾಟ ಯಾರ ಮನೆಯ ಪಡಸಾಲೆಯಲ್ಲಿ ನಡೆಯಿತು, ಎಷ್ಟು ದಿನ ನಡೆಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಗರ್ಭನಾಳವನ್ನೇ ನೋಡಿ. ಉದ್ದ 10–12 ಸೆಂಟಿಮೀಟರ್. ಗರ್ಭಕೋಶ ಸೇರುವ ಕಡೆ ಅದರ ಒಳದಾರಿ 1 ಮಿಲಿಮೀಟರ್ ಇದ್ದರೆ ಹೆಚ್ಚು. ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು. ಗಾಳಿಗೆ ಬಾಗುವ ಪೈರಿನ ಹಾಗೆ ಒಂದೇ ಕಡೆಗೆ ಬೀಸುತ್ತಾ ಅವು ಅಂಡಾಣುವನ್ನು ದಾಟಿಸುತ್ತವೆ. ಇಲ್ಲಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಬಂದು ಸೇರುತ್ತದೆ. ಬಹಳಷ್ಟು ಹೆಂಗಸರಿಗೆ ಜ್ವರವಿಲ್ಲ, ನೋವಿಲ್ಲ. ಅದು ಜೀವಕೋಶದ ಒಳಗೇ ಅಡಗಿ ಕೂರುತ್ತದೆ. ದೇಹದ ಕಾವಲು ಪಡೆಯೂ ಜಾಗ ಬಿಟ್ಟು ಏಳುವುದಿಲ್ಲ. ತಿಂಗಳುಗಟ್ಟಲೆ ಸಣ್ಣ ಉರಿಯ ಮೇಲೆ ಉರಿಯೂತ. ಎಳೆಗಳು ಹಾಳಾಗುತ್ತವೆ. ಗಾಯ ಮಾಯುವಾಗ ಗಟ್ಟಿ ಕಲೆ ಕಟ್ಟಿ ದಾರಿ ಮುಚ್ಚುತ್ತದೆ. ಪೂರ್ತಿ ಮುಚ್ಚದಿದ್ದರೆ ಇನ್ನೊಂದು ಕಷ್ಟ: ಭ್ರೂಣ ನಾಳದಲ್ಲೇ ಸಿಕ್ಕಿಕೊಂಡು ಬೆಳೆದು ತಾಯಿಯ ಜೀವಕ್ಕೇ ಕುತ್ತು ತರಬಹುದು. ಇಷ್ಟರಲ್ಲಿ ಬ್ಯಾಕ್ಟೀರಿಯಾ ಮಾಡಿದ್ದಕ್ಕಿಂತ ನಾವೇ ಮಾಡಿಕೊಂಡದ್ದು ಜಾಸ್ತಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕಟ್ಟಿದ ಕಲೆ ಕರಗುವುದಿಲ್ಲ. ಆದ್ದರಿಂದ ಬೇಗ ಪರೀಕ್ಷೆ ಆಗಬೇಕು, ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ‘ಇಬ್ಬರಿಗೂ’ ಅಂದ ಕೂಡಲೇ ಹಿಂದಿನ ಸಾಲಿನ ಗಂಡಸರು ಫೋನ್ ನೋಡಲು ಶುರು ಮಾಡಿದರು, ಇಲ್ಲಿಂದ ಎಲ್ಲಾ ಕಾಣುತ್ತದೆ! ಒಮ್ಮೆ ಒಂದು ಜೋಡಿ ಬಂದಿತ್ತು. ಹೆಂಡತಿಯ ಕಂಕುಳಲ್ಲಿ ಗೇಣು ದಪ್ಪದ ಫೈಲು. ಗಂಡನ ಕೈಯಲ್ಲಿ ನೀರಿನ ಬಾಟಲಿ. “ನಿಮ್ಮ ರಿಪೋರ್ಟ್ ಎಲ್ಲಿ?” ಅಂದೆ. “ನನಗೇನಾಗಿದೆ ಡಾಕ್ಟ್ರೇ?” ಅಂದರು. ಏನಾಗಿದೆ ಅಂತ ನೋಡಿದರೆ ತಾನೇ ಗೊತ್ತಾಗುವುದು?

ಗಂಡಸರ ಕತೆಯೂ ಇದೇ. ವೀರ್ಯಾಣು ಹುಟ್ಟುವುದು ಹರೆಯ ಬಂದ ಮೇಲೆ. ತನ್ನವರು ಯಾರು, ಹೊರಗಿನವರು ಯಾರು ಅಂತ ಕಾವಲು ಪಡೆ ಕಲಿತದ್ದು ಅದಕ್ಕೆ ಎಷ್ಟೋ ಮೊದಲು. ಹಾಗಾಗಿ ವೀರ್ಯಾಣುವನ್ನು ಅವರ ಕಣ್ಣಿಗೆ ಬೀಳದಂತೆ ವೃಷಣದೊಳಗೆ ಒಂದು ಗೋಡೆ ಕಾಯುತ್ತದೆ. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿದರೆ ಆ ಗೋಡೆ ಬಿರುಕು ಬಿಡಬಹುದು. ಪೂರ್ತಿ ಬಂಜೆತನ ಬರುವುದು ಅಪರೂಪ, ಹೆದರಬೇಡಿ. ಬರೀ ಜೋರು ಜ್ವರ ಬಂದರೂ ವೀರ್ಯಾಣು ಸಂಖ್ಯೆ ಕೆಲವು ವಾರ ಇಳಿಯುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಜ್ವರ ಬಿಟ್ಟ ವಾರಕ್ಕೇ ಟೆಸ್ಟ್ ಮಾಡಿಸಿ ತಲೆ ಮೇಲೆ ಕೈ ಹೊತ್ತು ಕೂರಬೇಡಿ.

ಈಗ ಬಸಿರಿಗೆ ಬರೋಣ. ಮಗುವಿನಲ್ಲಿ ಅರ್ಧ ಅಪ್ಪನದು. ತಾಯಿಯ ದೇಹಕ್ಕೆ ಅದು ಹೊರಗಿನದು. ಬೇರೆಯವರ ಕಿಡ್ನಿ ಹಾಕಿದರೆ ತಳ್ಳುವ ದೇಹ ಮಗುವನ್ನೇಕೆ ಒಂಬತ್ತು ತಿಂಗಳು ಇಟ್ಟುಕೊಳ್ಳುತ್ತದೆ ಅಂತ 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್ ಕೇಳಿದರು. ಕಾವಲು ಪಡೆ ಮಲಗಿರುತ್ತದೆ ಅಂದುಕೊಳ್ಳುವುದು ಸುಲಭ. ಮಲಗಿರುವುದಿಲ್ಲ! ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಶೇ. 70ರಷ್ಟು ‘ನ್ಯಾಚುರಲ್ ಕಿಲ್ಲರ್’ ಎಂಬ ಕಣಗಳೇ. ಹೆಸರು ಕೇಳಿದರೆ ರೌಡಿ. ಮಾಡುವುದು ನಲ್ಲಿ ಕೆಲಸ: ತಾಯಿಯ ರಕ್ತನಾಳಗಳನ್ನು ಅಗಲ ಮಾಡಿ, ಮಗುವನ್ನು ಪೋಷಿಸುವ ಮಾಸಿಗೆ (ಪ್ಲಾಸೆಂಟಾ) ರಕ್ತ ಹರಿಯುವಂತೆ ನೋಡಿಕೊಳ್ಳುವುದು. ಅವು ಇಲ್ಲದಿದ್ದರೂ ಕಷ್ಟ, ಕೆರಳಿದರೂ ಕಷ್ಟ. ಹದ ಬೇಕು.

ನಾನು ಎಲ್ಲಿ ಹೋದರೂ ಹೇಳುವ ಇಲಿ ಕತೆ ಈಗ. ಹಿಂದೆ ಕೇಳಿದವರು ಕ್ಷಮಿಸಿ, ಇನ್ನೊಮ್ಮೆ ಕೇಳಿ. ವೈರಸ್ ಬಂದಾಗ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಡಂಗುರ ಸಾರುತ್ತವೆ. ‘ಕಳ್ಳ ಬಂದ, ಬಾಗಿಲು ಹಾಕಿ’ ಅಂತ. ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಅವರ ತಂಡ 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಒಂದೇ ತಾಯಿ ಇಲಿ. ಒಂದೇ ಹೊಟ್ಟೆಯಲ್ಲಿ ಎರಡು ಬಗೆಯ ಮರಿಗಳು. ಕೆಲವಕ್ಕೆ ಆ ಡಂಗುರ ಕೇಳುವ ಕಿವಿ ಇದೆ, ಕೆಲವಕ್ಕೆ ಹುಟ್ಟಿನಿಂದಲೇ ಕಿವುಡು. ತಾಯಿಗೆ ಜೀಕಾ ವೈರಸ್ ಹಾಕಿದರು. ಯಾವ ಮರಿ ಉಳಿಯಬೇಕು ಹೇಳಿ? ಕಿವಿ ಇರುವುದು ಅಲ್ವಾ? ಆಗಿದ್ದು ಉಲ್ಟಾ. ಡಂಗುರ ಕೇಳಿಸಿಕೊಂಡ ಮರಿಗಳು ಹೊಟ್ಟೆಯಲ್ಲೇ ಸತ್ತು ಕರಗಿದವು. ಕಿವುಡು ಮರಿಗಳು ಬೆಳೆಯುತ್ತಲೇ ಇದ್ದವು. ಅದೇ ವೈರಸ್, ಅದೇ ಹೊಟ್ಟೆ! ಡಂಗುರದ ಸದ್ದಿಗೇ ಮಾಸಿನ ಬೆಳವಣಿಗೆ ಕೆಟ್ಟಿತ್ತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲೂ ಆಗುತ್ತದೆ ಅಂತಲ್ಲ. ಆದರೂ ಈ ಬ್ಯಾನರ್ ಬರೆಸಿದವರಿಗೆ ಆ ಇಲಿಗಳನ್ನು ಒಮ್ಮೆ ತೋರಿಸಬೇಕು ಅನ್ನಿಸುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷವಂತೆ. ಇಲಿ ನನ್ನ ಟೈಮೆಲ್ಲಾ ತಿಂದುಬಿಟ್ಟಿತು.

ಬೇಗ ಹೇಳುತ್ತೇನೆ. ಮಲೇರಿಯಾದಲ್ಲಿ ಒಂದು ಬಗೆ, ಫಾಲ್ಸಿಪಾರಮ್, ಮಾಸಿಗೇ ಅಂಟಿಕೊಳ್ಳುತ್ತದೆ. ಕಾವಲು ಕಣಗಳು ಅಲ್ಲಿ ಜಮಾಯಿಸಿದಾಗ ಮಗುವಿನ ತೂಕ ಇಳಿಯುತ್ತದೆ. ಮೊದಲ ಬಸಿರಿನಲ್ಲಿ ತೊಂದರೆ ಜಾಸ್ತಿ, ಯಾಕೆಂದರೆ ದೇಹ ಆ ಪಾಠ ಇನ್ನೂ ಕಲಿತಿರುವುದಿಲ್ಲ. ಇನ್ನು 37 ವಾರ ತುಂಬುವ ಮೊದಲೇ ಆಗುವ ಹೆರಿಗೆ. ಕೆಳಗಿನಿಂದ ಸೋಂಕು ಮೇಲೇರಿದರೆ ಉರಿಯೂತದ ರಾಸಾಯನಿಕಗಳೇ ನೋವು ಶುರು ಮಾಡಿಸಬಲ್ಲವು. ಲಸಿಕೆ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಹೋಗಲಿ. ಒಂದೇ ಮಾತು: ರುಬೆಲ್ಲಾ ಲಸಿಕೆ ಬಸಿರಿಗೆ ಮೊದಲು, ಟೆಟನಸ್ ಲಸಿಕೆ ಬಸಿರಿನಲ್ಲಿ. ತಾಯಿ ತಯಾರಿಸಿದ ಪ್ರತಿಕಾಯಗಳು ಕೊನೆಯ ತಿಂಗಳುಗಳಲ್ಲಿ ಮಾಸು ದಾಟಿ ಮಗುವಿಗೆ ಸೇರುತ್ತವೆ.

ಇನ್ನೊಂದು ಚೀಟಿ. ಇದು ಅಧ್ಯಕ್ಷರದಲ್ಲ. ‘ಮೂರನೇ ತಿಂಗಳು. ಎರಡು ದಿನದಿಂದ ಜ್ವರ. ಮಾತ್ರೆ ಮಗುವಿಗೆ ಒಳ್ಳೆಯದಲ್ಲ, ತಡೆದುಕೋ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?’ ತಡೆದುಕೊಳ್ಳಬೇಡಮ್ಮ. ಮೊದಲ ತಿಂಗಳುಗಳಲ್ಲಿ ಜೋರು ಜ್ವರ ಹಾಗೇ ಬಿಡುವುದು ಮಗುವಿಗೆ ಒಳ್ಳೆಯದಲ್ಲ. ಪ್ಯಾರಾಸಿಟಮಾಲ್ ಅನ್ನು ಡಾಕ್ಟರು ಹೇಳಿದಷ್ಟು ತಗೊಳ್ಳಬಹುದು. ಜ್ವರ ಯಾಕೆ ಬಂತು ಅಂತಲೂ ನೋಡಬೇಕು. ಚೀಟಿ ಬರೆದವರು ಇಲ್ಲೇ ಇದ್ದರೆ ಎದ್ದು ಹೋಗಬೇಡಿ, ಈಗಲೇ ಕೆಳಗೆ ಬರುತ್ತೇನೆ. ಅತ್ತೆಯವರೂ ಬಂದಿದ್ದರೆ ಅವರನ್ನೂ ಕರೆದುಕೊಳ್ಳಿ.