ಅಬ್ಬಿಯ ಮೇಲಿನ ಗಪ್ಪಿ, ಕೆಳಗಿನ ಗಪ್ಪಿ

ಕೇಳುಗರಿಗೆ ನಮಸ್ಕಾರ.

ಗಪ್ಪಿ ಮೀನನ್ನು ನೀವು ನೋಡಿಯೇ ಇರುತ್ತೀರಿ. ಅಂಗಡಿಯ ಗಾಜಿನ ತೊಟ್ಟಿಯಲ್ಲಿ, ಇಲ್ಲವೇ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಟ್ಟ ಬಾವಿಯಲ್ಲಿ. ಆದರೆ ಅದರ ತವರು ದಕ್ಷಿಣ ಅಮೆರಿಕದ ಉತ್ತರ ತುದಿ ಮತ್ತು ಪಕ್ಕದ ಟ್ರಿನಿಡಾಡ್ ದ್ವೀಪ. ಆ ದ್ವೀಪದ ಉತ್ತರ ಬೆಟ್ಟಸಾಲಿನ ಕಾಡುಹಳ್ಳಗಳ ಕಥೆ ಇವತ್ತು ಹೇಳುತ್ತೇನೆ.

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಂದು ಸೂಲು. ಮರಿ ಹುಟ್ಟಿದ ಗಳಿಗೆಯಿಂದಲೇ ತನ್ನ ಹೊಟ್ಟೆಪಾಡು ತಾನೇ ನೋಡಿಕೊಳ್ಳುತ್ತದೆ. ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳಬಲ್ಲದು. ಒಂದೇ ಬಸುರಿ ಮೀನಿನಿಂದ ಹಳ್ಳ ತುಂಬಬಹುದು. ಅದಕ್ಕೇ, ಸಾಕಿ ಬೇಸರವಾದ ಗಪ್ಪಿಯನ್ನು ನಮ್ಮ ಘಟ್ಟದ ಹಳ್ಳಗಳಿಗೆ ದಯವಿಟ್ಟು ಬಿಡಬೇಡಿ. ಅಲ್ಲಿನ ಮೀನುಗಳ ಪಾಲಿಗೆ ಅದು ಹೊರಗಿನದು.

ಟ್ರಿನಿಡಾಡಿನ ಹಳ್ಳಗಳಲ್ಲಿ ಅಲ್ಲಲ್ಲಿ ನೀರು ಬಂಡೆಯಿಂದ ಧುಮುಕುತ್ತದೆ. ಮಲೆನಾಡಿನವರು ಅಬ್ಬಿ ಅನ್ನುತ್ತಾರಲ್ಲ, ಅಂಥವು. ಅಬ್ಬಿಯ ಕೆಳಗೆ ಪೈಕ್ ಸಿಕ್ಲಿಡ್ ಎಂಬ ದೊಡ್ಡ ಮೀನು ಗಪ್ಪಿಗಾಗಿ ಕಾದಿರುತ್ತದೆ. ಅದಕ್ಕೆ ಬಂಡೆ ಹತ್ತಲಾಗದು. ಮೇಲಿರುವುದು ರಿವ್ಯುಲಸ್ ಎಂಬ ಸಣ್ಣ ಮೀನು. ಅದು ಹೆಚ್ಚಾಗಿ ಗಪ್ಪಿಯ ಸಣ್ಣ ಮರಿಗಳನ್ನು ಹಿಡಿಯುತ್ತದೆ.

ಇಷ್ಟರಿಂದಲೇ ಒಂದೇ ಹೊಳೆಯಲ್ಲಿ ಎರಡು ಬಗೆಯ ಬದುಕು. ಕೆಳಗಿನ ಗಂಡುಗಳ ಬಣ್ಣ ಮಾಸಲು. ಮೇಲಿನವುಗಳ ಮೈಮೇಲೆ ಕಿತ್ತಳೆ, ನೀಲಿ, ಕಪ್ಪು ಚುಕ್ಕೆ ಜಾಸ್ತಿ. ಹೊಳೆಯುವ ಬಣ್ಣಕ್ಕೆ ಹೆಣ್ಣು ಒಲಿಯುತ್ತದೆ, ಆದರೆ ಅದು ಶತ್ರುವಿನ ಕಣ್ಣಿಗೂ ಬೀಳುತ್ತದೆ, ಅಲ್ವಾ? ಕೆಳಗಿನ ಹೆಣ್ಣು ಬೇಗ ಬಸುರಾಗಿ, ಸಣ್ಣ ಸಣ್ಣ ಮರಿಗಳನ್ನು ರಾಶಿ ಹಾಕುತ್ತದೆ. ನಾಳೆ ಇರುತ್ತದೋ ಇಲ್ಲವೋ ಅನ್ನುವ ಬದುಕು ಅದರದು. ಮೇಲಿನದಕ್ಕೆ ಅವಸರವಿಲ್ಲ. ಮರಿ ಕಡಿಮೆ, ಆದರೆ ದಪ್ಪ.

1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಅರಿಪೋ ನದಿಯ ಕೆಳಭಾಗದಿಂದ 200 ಗಪ್ಪಿಗಳನ್ನು ಹಿಡಿದರು. ಗಪ್ಪಿಯೂ ಇಲ್ಲದ, ಪೈಕ್ ಸಿಕ್ಲಿಡ್ಡೂ ಇಲ್ಲದ ಒಂದು ಮೇಲಿನ ಹಳ್ಳಕ್ಕೆ ಬಿಟ್ಟರು. ಎರಡು ವರ್ಷದೊಳಗೆ ಅಲ್ಲಿನ ಗಂಡುಗಳ ಮೈಗೆ ಬಣ್ಣ ಏರಿತ್ತು! ಜೀವಿಗಳು ಬದಲಾಗಲು ಲಕ್ಷಾಂತರ ವರ್ಷ ಬೇಕು ಅಂತಲೇ ನಾನು ತಿಳಿದಿದ್ದೆ. ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಮುಂದೆ ಡೇವಿಡ್ ರೆಜ್ನಿಕ್ ಎಂಬ ಇನ್ನೊಬ್ಬ ವಿಜ್ಞಾನಿ ಅದೇ ಹಳ್ಳವನ್ನು ಗಮನಿಸಿದರು. 11 ವರ್ಷಗಳಲ್ಲಿ ಹೆಣ್ಣುಗಳ ಸೂಲೂ ಬದಲಾಗಿತ್ತು. ತಡವಾಗಿ ಬಸುರಾಗುತ್ತಿದ್ದವು, ಮರಿ ಕಡಿಮೆ ಹಾಕುತ್ತಿದ್ದವು, ಹಾಕಿದವು ದಪ್ಪಗಿದ್ದವು. ಹಳ್ಳದಿಂದ ತಂದು ಪ್ರಯೋಗಾಲಯದ ತೊಟ್ಟಿಯಲ್ಲಿ ಸಾಕಿದಾಗ, ಅಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳಲ್ಲೂ ಅದೇ ನಡೆ ಉಳಿದಿತ್ತು. ಹಳ್ಳವನ್ನೇ ನೋಡದ ಮೀನುಗಳವು.